ಹಗಲಿಡೀ ಮನೆಯಲ್ಲಿ ಯಾರೂ ಇಲ್ಲದಾಗ ನಾಯಿಯನ್ನು ಯಾರಿಗೆ ಒಪ್ಪಿಸಬೇಕು: ಒಂದು ಸಮಗ್ರ ಮಾರ್ಗದರ್ಶಿ

ನಾನು ಕೆಲಸಕ್ಕೆ ಹೊರಡುವಾಗ ಚುಕ್ಕಿ ತನ್ನ ಹಾಸಿಗೆಯಲ್ಲಿ ಮಲಗಿರುತ್ತಿದ್ದಳು. ಸಂಜೆ ಬೀಗ ತೆಗೆದರೆ ಬಾಲ ಆಡಿಸುತ್ತ ಎದುರಿಗೆ ನಿಂತಿರುತ್ತಿದ್ದಳು. ನಡುವಿನ ಒಂಬತ್ತು ಗಂಟೆಯನ್ನು ಅವಳು ನಿದ್ದೆಯಲ್ಲಿ ಕಳೆಯುತ್ತಾಳೆ ಎಂದೇ ನಾನು ನಂಬಿದ್ದೆ. ಒಂದು ದಿನ ಹಳೆಯ ಮೊಬೈಲೊಂದನ್ನು ಕಪಾಟಿನ ಮೇಲೆ ಒರಗಿಸಿಟ್ಟು, ವಿಡಿಯೊ ಚಾಲನೆಯಲ್ಲಿಟ್ಟು ಹೊರಟೆ. ಸಂಜೆ ಕುಳಿತು ನೋಡಿದೆ. ಬೀಗದ ಸದ್ದು ನಿಂತ ಮೂರನೆಯ ನಿಮಿಷಕ್ಕೆ ಚುಕ್ಕಿ ಎದ್ದು ಬಾಗಿಲಿಗೆ ಬಂದಿದ್ದಳು. ಹೊಸ್ತಿಲ ಸಂದಿಗೆ ಮೂಗು ಒತ್ತಿಕೊಂಡು ನಿಂತಳು. ನಡುವೆ ಅಡುಗೆಮನೆಯವರೆಗೆ ಹೋಗಿ ಮತ್ತೆ ಅಲ್ಲಿಗೇ ಬಂದು ನಿಂತಳು. ಬಾಯಿಂದ ಇಳಿದ ಜೊಲ್ಲು ನೆಲದ ಮೇಲೆ ಅಂಗೈ ಅಗಲಕ್ಕೆ ಹರಡಿತ್ತು. ಹೀಗೆ ಒಂದು ಗಂಟೆ ಹತ್ತು ನಿಮಿಷ. ನಾನು ಮನೆಗೆ ಬರುವಷ್ಟರಲ್ಲಿ ಆ ಜೊಲ್ಲು ಪ್ರತಿದಿನ ಒಣಗಿಹೋಗಿರುತ್ತಿತ್ತು.

ಆ ವಿಡಿಯೊ ನೋಡಿದ ವಾರವೇ ಅವಸರದಲ್ಲಿ ಅವಳನ್ನು ಹಗಲಿನಲ್ಲಿ ನಾಯಿಗಳನ್ನು ನೋಡಿಕೊಳ್ಳುವ ಒಂದು ಪಾಲನಾ ಕೇಂದ್ರಕ್ಕೆ ಸೇರಿಸಿದೆ. ಅದು ತಪ್ಪಾಯಿತು. ಏಕೆಂದು ಮುಂದೆ ಹೇಳುತ್ತೇನೆ. ಅಲ್ಲಿಂದಾಚೆಗೆ ನಾನು ಕಲಿತದ್ದು ಇಷ್ಟು: ಹುಡುಕಾಟ ಕೇಂದ್ರಗಳ ಪಟ್ಟಿಯಿಂದ ಶುರುವಾಗಬಾರದು, ನಾಯಿಯಿಂದ ಶುರುವಾಗಬೇಕು. ಅಂಗಳ ಎಷ್ಟು ದೊಡ್ಡದು, ಆಟಿಕೆ ಎಷ್ಟಿವೆ ಎಂಬುದಕ್ಕಿಂತ, ಅಲ್ಲಿರುವ ಮನುಷ್ಯರಿಗೆ ನಾಯಿಯ ಮೈಭಾಷೆ ಓದಲು ಬರುತ್ತದೆಯೇ, ನಾಯಿಗೆ ಅಲ್ಲಿ ನೆಮ್ಮದಿಯಾಗಿ ಮಲಗಲು ಆಗುತ್ತದೆಯೇ ಎಂಬುದೇ ಮುಖ್ಯ.

ಹೆಜ್ಜೆ 1: ನಿಮ್ಮ ನಾಯಿಯ ಹಗಲನ್ನು ಕಣ್ಣಾರೆ ನೋಡಿ

ಬೇರೆ ಬೇರೆ ಮೂರು ದಿನ, ನೀವು ಹೊರಟ ನಂತರದ ಮೊದಲ ಒಂದು ಗಂಟೆಯನ್ನಾದರೂ ಚಿತ್ರೀಕರಿಸಿ. ಒಂಟಿತನ ತಡೆಯಲಾಗದ ನಾಯಿಯ ಸಂಕಟ ಸಾಮಾನ್ಯವಾಗಿ ಮೊದಲ ಅರ್ಧ ಗಂಟೆಯೊಳಗೇ ಕಾಣಿಸಿಕೊಳ್ಳುತ್ತದೆ. ಅತ್ತಿಂದಿತ್ತ ತಡೆಯಿಲ್ಲದೆ ಓಡಾಡುವುದು, ಊಳಿಡುವುದು, ಏದುಸಿರು, ಜೊಲ್ಲು, ಬಾಗಿಲನ್ನೋ ಕಿಟಕಿಯ ಚೌಕಟ್ಟನ್ನೋ ಕೆರೆಯುವುದು, ಹೊರಗೆ ಮೂತ್ರ ಮಾಡುವುದನ್ನು ಚೆನ್ನಾಗಿ ಕಲಿತಿದ್ದರೂ ಮನೆಯೊಳಗೆ ಮಾಡಿಕೊಳ್ಳುವುದು ಇದರ ಗುರುತುಗಳು. ಇನ್ನೊಂದು ಸೂಕ್ಷ್ಮ ಗುರುತಿದೆ. ಹೊರಡುವಾಗ ನೀವು ಇಟ್ಟುಹೋದ ಪ್ರೀತಿಯ ತಿನಿಸು ನೀವು ಬರುವವರೆಗೂ ಮುಟ್ಟದೆ ಉಳಿದು, ನೀವು ಒಳಗೆ ಬಂದ ಕೂಡಲೇ ನಾಯಿ ಅದನ್ನು ಗಬಗಬ ತಿಂದರೆ, ಅಷ್ಟು ಹೊತ್ತು ಅದು ಭಯದಲ್ಲಿತ್ತು ಎಂದರ್ಥ.

ಬೇಸರಗೊಂಡ ನಾಯಿಯ ದಿನ ಬೇರೆ ಬಗೆಯದು. ಅದು ಮೊದಲು ಚೆನ್ನಾಗಿ ನಿದ್ದೆ ಮಾಡುತ್ತದೆ. ನಂತರ ಎದ್ದು ಚಪ್ಪಲಿಯನ್ನೋ ದಿಂಬನ್ನೋ ಹುಡುಕಿಕೊಂಡು ಹೋಗಿ ಹರಿಯುತ್ತದೆ. ಇಂಥ ನಾಯಿಗೆ ಮಧ್ಯಾಹ್ನ ಒಂದು ಒಳ್ಳೆಯ ನಡಿಗೆ, ಮೂಗಿಗೆ ಒಂದಿಷ್ಟು ಕೆಲಸ ಸಿಕ್ಕರೆ ಬಹುಪಾಲು ಸಾಕಾಗುತ್ತದೆ. ಭಯದಿಂದ ನಡುಗುವ ನಾಯಿಗೆ ಅಷ್ಟು ಸಾಲದು. ಪಶುವೈದ್ಯರನ್ನು ಕಾಣಬೇಕು, ನಾಯಿಗಳ ವರ್ತನೆ ಬಲ್ಲವರ ನೆರವು ಪಡೆದು ಒಂಟಿಯಾಗಿರುವುದನ್ನು ನಿಧಾನವಾಗಿ, ನಿಮಿಷಗಳ ಲೆಕ್ಕದಲ್ಲಿ ಕಲಿಸಬೇಕು. ಆ ಕಲಿಕೆ ನಡೆಯುವ ವಾರಗಳಲ್ಲಿ ನಾಯಿ ಮತ್ತೆ ಮತ್ತೆ ಒಂಟಿಯಾಗಿ ಹೆದರದಂತೆ ನೋಡಿಕೊಳ್ಳಲು ಹಗಲು ಪಾಲನೆ ಬಹಳ ನೆರವಾಗುತ್ತದೆ. ಆದರೆ ಪಾಲನೆಯೇ ಚಿಕಿತ್ಸೆಯಲ್ಲ. ಕೇಂದ್ರದಲ್ಲಿ ಸುಖವಾಗಿರುವ ನಾಯಿ ಮನೆಯಲ್ಲಿ ಒಂಟಿಯಾದ ದಿನ ಮೊದಲಿನಷ್ಟೇ ಹೆದರಬಹುದು.

ಮನೆಯೊಳಗೆ ಇದ್ದಕ್ಕಿದ್ದಂತೆ ಮೂತ್ರ ಮಾಡತೊಡಗಿದ ನಾಯಿಗೆ ಮೂತ್ರಕೋಶದ ಸೋಂಕು ಇರಬಹುದು, ಸಕ್ಕರೆ ಕಾಯಿಲೆಯೂ ಇರಬಹುದು. ಸ್ವಭಾವದ ತೊಂದರೆ ಎಂದು ತೀರ್ಮಾನಿಸುವ ಮೊದಲು ಅದನ್ನು ಪರೀಕ್ಷಿಸಿಕೊಳ್ಳಿ.

ಹೆಜ್ಜೆ 2: ಗಂಟೆಗಳನ್ನು ಪ್ರಾಮಾಣಿಕವಾಗಿ ಎಣಿಸಿ

ಕೆಲಸದ ಗಂಟೆಗಳನ್ನಷ್ಟೇ ಅಲ್ಲ, ಬಾಗಿಲು ಮುಚ್ಚಿದ ಕ್ಷಣದಿಂದ ತೆರೆದ ಕ್ಷಣದವರೆಗೆ ಎಣಿಸಿ. ಎಂಟು ಗಂಟೆಯ ಕೆಲಸ ನಾಯಿಯ ಪಾಲಿಗೆ ಹತ್ತು ಗಂಟೆಯಾಗಿರುವುದು ಆಗ ಕಾಣುತ್ತದೆ. ದೊಡ್ಡ ನಾಯಿಯನ್ನೂ ಸತತವಾಗಿ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಒಂಟಿಯಾಗಿ ಬಿಡದಿರುವುದು ಒಳ್ಳೆಯದು ಎಂದು ಹಲವು ಪ್ರಾಣಿ ಕಲ್ಯಾಣ ಸಂಸ್ಥೆಗಳು ಹೇಳುತ್ತವೆ. ಎಂಟು ಗಂಟೆ ಮೂತ್ರ ತಡೆದುಕೊಳ್ಳುವ ನಾಯಿಗಳಿವೆ, ನಿಜ. ಆದರೆ ಬೇರೆ ದಾರಿಯಿಲ್ಲದೆ ತಡೆದುಕೊಂಡದ್ದನ್ನು ಅಭ್ಯಾಸ ಎಂದು ನಾವು ಕರೆಯಬಾರದು.

ಮರಿ ಎಷ್ಟು ಹೊತ್ತು ಮೂತ್ರ ತಡೆದುಕೊಳ್ಳಬಲ್ಲದು ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ: ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದನ್ನು ಕೂಡಿಸಿದರೆ ಬರುವಷ್ಟು ಗಂಟೆ. ಮೂರು ತಿಂಗಳ ಮರಿಗೆ ನಾಲ್ಕು ಗಂಟೆ ಎಂದಾಯಿತು. ಅದೂ ಹೆಚ್ಚೆಂದರೆ. ಎಚ್ಚರವಿದ್ದು ಆಡುತ್ತಿರುವ ಮರಿಗೆ ಅದರ ಅರ್ಧದಷ್ಟು ಹೊತ್ತೂ ಆಗುವುದಿಲ್ಲ.

ನಿದ್ದೆಯ ಲೆಕ್ಕವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಬೆಳೆದ ನಾಯಿ ದಿನಕ್ಕೆ ಸುಮಾರು 12ರಿಂದ 14 ಗಂಟೆ, ಎಳೆಯ ಮರಿ 18ರಿಂದ 20 ಗಂಟೆ ಮಲಗುತ್ತದೆ. ಅದರಲ್ಲಿ ಒಂದು ದೊಡ್ಡ ಪಾಲು ಹಗಲಿನದು. ಬೆಳಗಿನಿಂದ ಸಂಜೆಯವರೆಗೂ ಬಿಡುವಿಲ್ಲದೆ ಆಡಿಸುತ್ತೇವೆ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ, ನಿಮ್ಮ ನಾಯಿಯ ನಿದ್ದೆಯನ್ನು ಕಸಿದುಕೊಳ್ಳುತ್ತೇವೆ ಎಂದು ಹೇಳಿದಂತೆ.

ಹೆಜ್ಜೆ 3: ಯಾವ ನಾಯಿಗೆ ಯಾವ ವ್ಯವಸ್ಥೆ

ಹಗಲು ಪಾಲನೆ ಎಂದರೆ ಕೇಂದ್ರವೇ ಆಗಬೇಕೆಂದಿಲ್ಲ. ಮಧ್ಯಾಹ್ನ ಬಂದು ನಾಯಿಯನ್ನು ನಡೆಸಿಕೊಂಡು ಹೋಗುವವರಿದ್ದಾರೆ. ನಿಮ್ಮ ಮನೆಯಲ್ಲೇ ಬಂದು ಕೂರುವವರಿದ್ದಾರೆ. ತಮ್ಮ ಮನೆಯಲ್ಲಿ ಮೂರು-ನಾಲ್ಕು ನಾಯಿಗಳನ್ನಷ್ಟೇ ಇಟ್ಟುಕೊಂಡು ನೋಡಿಕೊಳ್ಳುವವರಿದ್ದಾರೆ. ನಾಯಿಯ ಪರಿಚಯವಿರುವ ಬಂಧುವೋ ನೆರೆಯವರೋ ಇದ್ದರೆ, ಅವರಿಗೆ ಮನಸ್ಸಿದ್ದರೆ, ಬೇರೆ ಕಡೆ ಹುಡುಕುವ ಮೊದಲು ಅವರನ್ನು ಕೇಳಿ. ಕೆಲವು ಕಚೇರಿಗಳು ನಾಯಿಯನ್ನು ಕರೆತರಲು ಬಿಡುತ್ತವೆ. ಎಂಟು ಗಂಟೆ ಮೇಜಿನ ಕೆಳಗೆ ಸುಮ್ಮನೆ ಮಲಗಬಲ್ಲ ನಾಯಿಗೆ ಮಾತ್ರ ಅದು ಸರಿ.

ಬೇರೆ ನಾಯಿಗಳನ್ನು ಕಂಡರೆ ಮೈಯೆಲ್ಲ ಸಡಿಲವಾಗಿ ಆಟಕ್ಕೆ ಕರೆಯುವ, ಒಂದರಿಂದ ಐದು ವರ್ಷದ ಒಳಗಿನ, ಆರೋಗ್ಯವಾಗಿರುವ ನಾಯಿ ಗುಂಪಿನ ಕೇಂದ್ರದಲ್ಲಿ ಸುಖವಾಗಿರಬಲ್ಲದು. ಪರಿಚಿತ ನಾಯಿಗಳೊಂದಿಗೆ ಚೆನ್ನಾಗಿದ್ದು ಹೊಸಬರನ್ನು ಕಂಡರೆ ಹಿಂಜರಿಯುವ ನಾಯಿಗೆ ಮೂರು-ನಾಲ್ಕು ನಾಯಿಗಳ ಮನೆಪಾಲನೆಯೇ ಮೇಲು. ಬೇರೆ ನಾಯಿಗಳ ಸಹವಾಸವೇ ಬೇಡವೆನ್ನುವ ನಾಯಿಯೂ ಉಂಟು. ಅದು ಕೆಟ್ಟ ನಾಯಿಯಲ್ಲ. ಎರಡು-ಮೂರು ವರ್ಷ ತುಂಬಿ ಪ್ರಬುದ್ಧವಾದ ಮೇಲೆ ಎಷ್ಟೋ ನಾಯಿಗಳಿಗೆ ಅಪರಿಚಿತರೊಂದಿಗೆ ಹೊರಳಾಡುವ ಆಸೆ ಕಡಿಮೆಯಾಗುತ್ತದೆ. ಅಂಥದ್ದಕ್ಕೆ ಮನೆಯೇ ಹಿತ. ಮಧ್ಯಾಹ್ನ ಒಬ್ಬರು ಬಂದು ಮುಕ್ಕಾಲು ಗಂಟೆ ಒಡನಾಡಿದರೆ ಸಾಕು.

ವಯಸ್ಸಾದ ನಾಯಿಗಳ ಬಗ್ಗೆ ನನಗೆ ವಿಶೇಷ ಕಾಳಜಿ ಇದೆ. ಸಂಧಿವಾತದ ನೋವಿರುವ, ಕಣ್ಣು ಮಂಜಾದ, ಕಿವಿ ಮಂದವಾದ ನಾಯಿಗೆ ಎಳೆಯ ನಾಯಿಗಳ ಗುಂಪು ಹಿಂಸೆ. ಹಿಂದಿನಿಂದ ಬಂದು ಡಿಕ್ಕಿ ಹೊಡೆಯುವ ಮರಿಗೆ ಅದು ಗದರಿದರೆ, ಕೋಪಿಷ್ಠ ಎಂಬ ಹಣೆಪಟ್ಟಿ ಬೀಳುವುದು ವಯಸ್ಸಾದ ನಾಯಿಗೇ. ಮುದಿ ನಾಯಿಯನ್ನು ತನ್ನ ವಾಸನೆಯಿರುವ ತನ್ನ ಹಾಸಿಗೆಯಲ್ಲಿ ಬಿಡಿ. ಮನುಷ್ಯರು ಅದರ ಬಳಿಗೆ ಬರಲಿ.

ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮುಖದ ತಳಿಗಳು ಬೇರೆಯದೇ ಎಚ್ಚರ ಬೇಡುತ್ತವೆ. ನಾಯಿ ಮೈಯನ್ನು ತಂಪಾಗಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಉಸಿರಿನ ದಾರಿಯೇ ಕಿರಿದಾಗಿರುವ ಈ ತಳಿಗಳಿಗೆ ಬಿಸಿಲಿನ ಅಂಗಳದ ಓಟ ಪ್ರಾಣಾಪಾಯ ತರಬಹುದು. ನಾಯಿಯ ಸಹಜ ಉಷ್ಣತೆ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಅದು 41 ದಾಟಿತೆಂದರೆ ಒಂದೊಂದು ನಿಮಿಷವೂ ಮುಖ್ಯ.

ಹೆಜ್ಜೆ 4: ಲಸಿಕೆಯ ಪುಸ್ತಕ ತೆರೆಯಿರಿ

ಹತ್ತು ನಾಯಿಗಳು ಒಂದೇ ಬಟ್ಟಲಿನಿಂದ ನೀರು ಕುಡಿಯುವ ಜಾಗಕ್ಕೆ ನಿಮ್ಮ ನಾಯಿಯನ್ನು ಕಳುಹಿಸುತ್ತಿದ್ದೀರಿ. ಡಿಸ್ಟೆಂಪರ್, ಪಾರ್ವೊ, ಹೆಪಟೈಟಿಸ್ ಮತ್ತು ರೇಬೀಸ್ ಎಂಬ ವೈರಸ್ ರೋಗಗಳ ಲಸಿಕೆಗಳು ಅವಧಿ ಮೀರದೆ ಇರಬೇಕು. ಇಲಿಯ ಮೂತ್ರ ಸೇರಿದ ನೀರಿನಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಮನುಷ್ಯರಿಗೂ ತಗಲುವ ರೋಗ. ಅದರ ಲಸಿಕೆಯ ಬಗ್ಗೆ ಪಶುವೈದ್ಯರನ್ನು ಕೇಳಿ. ಇವೆಲ್ಲದರ ಜೊತೆಗೆ, ನಾಯಿಗಳು ಗುಂಪಾಗಿರುವಲ್ಲಿ ಬೇಗ ಹಬ್ಬುವ ‘ಕೆನಲ್ ಕಾಫ್’ ಎಂಬ ಗೊಗ್ಗರು ಕೆಮ್ಮಿದೆ. ಬೋರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾ, ಪ್ಯಾರಾಇನ್‌ಫ್ಲುಯೆಂಜಾ ಎಂಬ ವೈರಸ್ ಇದರ ಮುಖ್ಯ ಕಾರಣಗಳು. ಕೇಂದ್ರಕ್ಕೆ ಸೇರಿಸುವ ಹಿಂದಿನ ದಿನ ಇದರ ಲಸಿಕೆ ಹಾಕಿಸಿದರೆ ಉಪಯೋಗವಿಲ್ಲ. ಒಂದೆರಡು ವಾರ ಮೊದಲೇ ಹಾಕಿಸಿ. ಹಾಕಿಸಿದ ಮೇಲೂ ಕೆಮ್ಮು ಬರಲಾರದು ಎಂದಲ್ಲ, ಬಂದರೂ ಸಾಮಾನ್ಯವಾಗಿ ಸೌಮ್ಯವಾಗಿರುತ್ತದೆ. ಉಣ್ಣಿ, ಚಿಗಟ, ಜಂತುಹುಳುಗಳ ಔಷಧಿಯೂ ಕಾಲಕಾಲಕ್ಕೆ ಆಗಿರಬೇಕು.

ಮರಿಯ ವಿಷಯದಲ್ಲಿ ಒಂದು ನಿಜವಾದ ಇಕ್ಕಟ್ಟಿದೆ. ಪ್ರಾಥಮಿಕ ಲಸಿಕೆಗಳ ಸರಣಿ ಮುಗಿಯುವುದು 16 ವಾರ ಅಥವಾ ಅದಕ್ಕೂ ನಂತರ. ಆದರೆ ಲೋಕವನ್ನು ಭಯವಿಲ್ಲದೆ ಒಪ್ಪಿಕೊಳ್ಳುವುದನ್ನು ಮರಿ ಕಲಿಯುವ ಕಾಲ ಸುಮಾರು ಮೂರನೆಯ ವಾರದಿಂದ ಹದಿನಾಲ್ಕನೆಯ ವಾರದವರೆಗೆ ಮಾತ್ರ. ಲಸಿಕೆ ಮುಗಿಯುವವರೆಗೆ ಕಾದರೆ ಆ ಅವಕಾಶದ ಕಿಟಕಿ ಮುಚ್ಚಿಹೋಗುತ್ತದೆ. ಹಾಗೆಂದು ದೊಡ್ಡ ಕೇಂದ್ರಕ್ಕೆ ಕಳುಹಿಸಿದರೆ ಪಾರ್ವೊ ತಗಲಬಹುದು. ಈ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಸಾಮಾನ್ಯ ಸಾಬೂನಿಗೆ ಸಾಯುವುದಿಲ್ಲ. ನಡುವಿನ ದಾರಿ ಹೀಗಿದೆ: ಲಸಿಕೆಯಾದ, ಶಾಂತ ಸ್ವಭಾವದ, ನಿಮಗೆ ಪರಿಚಯವಿರುವ ಒಂದೆರಡು ನಾಯಿಗಳ ಮನೆಯಲ್ಲಿ ಮರಿಯನ್ನು ಬಿಡಿ, ಅಥವಾ ಮನೆಗೇ ಬರುವವರನ್ನು ಗೊತ್ತುಮಾಡಿ. ಸದ್ದು, ಮಳೆ, ಛತ್ರಿ, ಗಾಡಿ, ಬಗೆಬಗೆಯ ಮನುಷ್ಯರು ಇವನ್ನೆಲ್ಲ ತೋಳಿನಲ್ಲಿ ಎತ್ತಿಕೊಂಡೇ ತೋರಿಸಬಹುದು.

ಬೆದೆಗೆ ಬಂದ ಹೆಣ್ಣುನಾಯಿಯನ್ನು ಸುಮಾರು ಮೂರು ವಾರ ಯಾವ ಗುಂಪಿಗೂ ಕಳುಹಿಸಬೇಡಿ.

ಹೆಜ್ಜೆ 5: ನಾಯಿಯನ್ನು ಬಿಟ್ಟು, ನೀವೊಬ್ಬರೇ ಹೋಗಿ ನೋಡಿ

ಮೊದಲ ಭೇಟಿಗೆ ನಾಯಿ ಜೊತೆಗಿದ್ದರೆ ನಿಮ್ಮ ಗಮನವೆಲ್ಲ ಅದರ ಮೇಲೇ ಇರುತ್ತದೆ. ಒಬ್ಬರೇ ಹೋಗಿ. ನಾಯಿಗಳೆಲ್ಲ ಇರುವ ಹೊತ್ತಿಗೇ ಹೋಗಿ. ನಾಯಿಗಳಿರುವ ಜಾಗವನ್ನು ಗಾಜಿನ ಆಚೆಯಿಂದಾದರೂ ನೋಡಲು ಬಿಡಲೊಪ್ಪದ ಕೇಂದ್ರದಿಂದ ಅಲ್ಲಿಂದಲೇ ಹಿಂತಿರುಗಿ. ಹೊಸಬರು ಒಳಗೆ ನುಗ್ಗಿದರೆ ನಾಯಿಗಳು ಉದ್ರೇಕಗೊಳ್ಳುತ್ತವೆ ಎನ್ನುವುದು ಸರಿಯಾದ ಕಾರಣವೇ. ಆದರೆ ದೂರದಿಂದ ನೋಡಲು, ಕ್ಯಾಮೆರಾದಲ್ಲಿ ತೋರಿಸಲು ಅದು ಅಡ್ಡಿಯಾಗಬಾರದು.

ಒಳಗೆ ಕಾಲಿಟ್ಟಾಗ ಮೊದಲು ಮೂಗು ಕೆಲಸ ಮಾಡಲಿ. ಮೂತ್ರದ ಘಾಟು ಇದ್ದರೆ ತೊಳೆಯುವುದು ಸಾಲುತ್ತಿಲ್ಲ. ಫಿನಾಯಿಲಿನ ಕಟು ವಾಸನೆ ಕಣ್ಣಿಗೆ ಹತ್ತುವಂತಿದ್ದರೆ ಗಾಳಿಯಾಡುತ್ತಿಲ್ಲ. ಎರಡೂ ಒಳ್ಳೆಯದಲ್ಲ. ಆಮೇಲೆ ಕಿವಿ. ಗಂಟೆ ಬಾರಿಸಿದಾಗ ಒಂದು ಗದ್ದಲ ಏಳುವುದು ಸಹಜ, ಅದು ಎರಡು-ಮೂರು ನಿಮಿಷದಲ್ಲಿ ಇಳಿಯಬೇಕು. ಇಳಿಯದೆ ಒಂದೇ ಸಮನೆ ಬೊಗಳಾಟ ನಡೆಯುತ್ತಿದ್ದರೆ ಅಲ್ಲಿನ ನಾಯಿಗಳಿಗೆ ನೆಮ್ಮದಿಯಿಲ್ಲ. ಬಾಗಿಲುಗಳನ್ನು ನೋಡಿ: ಒಂದು ಮುಚ್ಚಿದ ಮೇಲಷ್ಟೇ ಇನ್ನೊಂದು ತೆರೆಯುವ ಎರಡು ಗೇಟುಗಳಿರಬೇಕು. ನಾಯಿಗಳು ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಬಿಡುವ ಮತ್ತು ಕರೆದೊಯ್ಯುವ ಹೊತ್ತಿನಲ್ಲೇ. ನೆಲ ಜಾರುವಂತಿದ್ದರೆ ಓಡಿ ತಿರುಗುವ ನಾಯಿಗಳ ಮೊಣಕಾಲಿಗೆ ಕೇಡು. ನೆರಳಿರಬೇಕು, ಒಂದಕ್ಕಿಂತ ಹೆಚ್ಚು ಕಡೆ ನೀರಿರಬೇಕು.

ಈಗ ಮನುಷ್ಯರನ್ನು ನೋಡಿ. ಇದಕ್ಕೆ ಇಪ್ಪತ್ತು ನಿಮಿಷ ಕೊಡಿ, ಆತುರ ಬೇಡ. ಅವರ ಕಣ್ಣು ನಾಯಿಗಳ ಮೇಲಿದೆಯೇ ಮೊಬೈಲಿನ ಮೇಲಿದೆಯೇ? ಅವರು ಒಂದೆಡೆ ನಿಂತಿದ್ದಾರೆಯೇ, ನಾಯಿಗಳ ನಡುವೆ ಓಡಾಡುತ್ತಿದ್ದಾರೆಯೇ? ಒಬ್ಬರಿಗೆ ಹತ್ತರಿಂದ ಹದಿನೈದು ನಾಯಿ ಎಂಬುದು ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಹೇಳುವ ಮೇಲ್ಮಿತಿ. ನನ್ನ ಮಟ್ಟಿಗೆ ಹತ್ತೇ ಹೆಚ್ಚು. ತರಲೆ ಮರಿಗಳ ಗುಂಪಾದರೆ ಅದಕ್ಕೂ ಕಡಿಮೆಯಿರಬೇಕು.

ಜಗಳ ಹತ್ತಿದ ಮೇಲೆ ಬಿಡಿಸುವುದು ಯಾರಿಗಾದರೂ ಗೊತ್ತಿರುತ್ತದೆ. ಜಗಳಕ್ಕೆ ಎರಡು ನಿಮಿಷ ಮೊದಲು ಅದನ್ನು ಕಾಣುವವರು ಬೇಕು. ಆಟದಲ್ಲಿ ನಾಯಿಗಳ ಮೈ ಸಡಿಲವಾಗಿ, ಬಳುಕುವಂತಿರುತ್ತದೆ. ಮುಂಗಾಲು ನೆಲಕ್ಕೊತ್ತಿ ಹಿಂಭಾಗ ಎತ್ತಿ ಆಟಕ್ಕೆ ಕರೆಯುತ್ತವೆ. ಈಗ ಬೆನ್ನಟ್ಟಿದ್ದು ಇನ್ನೊಂದು ಗಳಿಗೆಗೆ ತಾನೇ ಓಡುತ್ತದೆ, ಮೇಲಿದ್ದದ್ದು ಕೆಳಗಾಗುತ್ತದೆ. ನಡುನಡುವೆ ಎರಡೂ ತಾವಾಗಿ ನಿಂತು ಮೈ ಕೊಡವಿಕೊಳ್ಳುತ್ತವೆ. ಹೀಗಲ್ಲದೆ ಒಂದೇ ನಾಯಿ ಸದಾ ಓಡುತ್ತ, ಬಾಲವನ್ನು ಹೊಟ್ಟೆಯಡಿ ಸೇರಿಸಿ ಮೂಲೆ ಹುಡುಕುತ್ತಿದ್ದರೆ ಅದು ಆಟವಲ್ಲ. ದಣಿವಿಲ್ಲದೆಯೇ ಆಕಳಿಸುವುದು, ಮುಂದೆ ತಿನಿಸಿಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆಗಣ್ಣಿನಲ್ಲಿ ನೋಡುವುದು ‘ನನಗೆ ಇದು ಬೇಡ’ ಎಂಬ ಮಾತುಗಳು. ಮೈ ಮರಗಟ್ಟಿ, ಬಾಯಿ ಮುಚ್ಚಿ, ಬಾಲ ನೆಟ್ಟಗೆ ಮೇಲೆದ್ದು ಬಿರುಸಾಗಿ ಅಲುಗುತ್ತಿದ್ದರೆ ಅದೂ ಸಂತೋಷವಲ್ಲ. ಇವನ್ನು ಕಂಡ ಕೂಡಲೇ ನಡುವೆ ಹೋಗಿ, ಹೆಸರು ಹಿಡಿದು ಕರೆದು, ಒಂದನ್ನು ಮೆಲ್ಲಗೆ ಬೇರೆ ಕಡೆ ಕರೆದೊಯ್ಯುವವರಿದ್ದರೆ ಆ ಕೇಂದ್ರವನ್ನು ನಂಬಬಹುದು. ನೀರು ಚಿಮುಕಿಸುವುದು, ಡಬ್ಬಿ ಕುಲುಕಿ ಬೆದರಿಸುವುದು, ಕೊರಳು ಹಿಡಿದು ನೆಲಕ್ಕೊತ್ತುವುದು, ವಿದ್ಯುತ್ ಆಘಾತ ಕೊಡುವ ಪಟ್ಟಿ ತೊಡಿಸುವುದು ಕಂಡುಬಂದರೆ ಮುಂದಿನ ಮಾತೇ ಬೇಡ.

ಗುಂಪು ಹೇಗೆ ಮಾಡಿದ್ದಾರೆ ನೋಡಿ. ಅಂಗೈಯಲ್ಲಿ ಹಿಡಿಯುವಂಥ ನಾಯಿಯನ್ನು ಮೂವತ್ತು ಕಿಲೋ ತೂಗುವ ನಾಯಿಗಳ ಜೊತೆ ಬಿಡಬಾರದು, ಎರಡೂ ಎಷ್ಟೇ ಸಾಧುವಾಗಿರಲಿ. ಪುಟ್ಟ ನಾಯಿ ಕಿರುಚಿ ಓಡಿದರೆ ದೊಡ್ಡದರೊಳಗಿನ ಬೇಟೆಯ ಪ್ರವೃತ್ತಿ ಕ್ಷಣದಲ್ಲಿ ಎಚ್ಚರಗೊಳ್ಳಬಹುದು. ಗಾತ್ರದ ಜೊತೆಗೆ ಆಟದ ರೀತಿಯನ್ನೂ ನೋಡಿ ವಿಂಗಡಿಸುವ ಕೇಂದ್ರ ಇನ್ನೂ ಉತ್ತಮ.

ಕೊನೆಗೆ, ಮಲಗುವ ಜಾಗ ತೋರಿಸಿ ಎಂದು ಕೇಳಿ. ಮಬ್ಬು ಬೆಳಕಿನ, ಸದ್ದಿಲ್ಲದ, ಒಂದೊಂದು ನಾಯಿಗೂ ಬೇರೆ ಬೇರೆ ಹಾಸಿಗೆಯಿರುವ ಕೋಣೆ ಇರಬೇಕು. ದಿನಕ್ಕೆ ಕನಿಷ್ಠ ಒಂದೆರಡು ಗಂಟೆಯಾದರೂ ಎಲ್ಲ ನಾಯಿಗಳಿಗೂ ಕಡ್ಡಾಯ ವಿಶ್ರಾಂತಿ ಇರಬೇಕು. ಚುಕ್ಕಿಯನ್ನು ಮೊದಲು ಕಳುಹಿಸಿದ ಕೇಂದ್ರದಲ್ಲಿ ನಾನು ಈ ಒಂದನ್ನು ಕೇಳಲಿಲ್ಲ. ಅಲ್ಲಿ ಮೂವತ್ತು ನಾಯಿಗಳು ಒಂದೇ ಹಜಾರದಲ್ಲಿ ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಇರುತ್ತಿದ್ದವು. ಅವಳು ಮನೆಗೆ ಬಂದು ಊಟವನ್ನೂ ಮಾಡದೆ ಸತ್ತಂತೆ ಮಲಗುತ್ತಿದ್ದಳು. ಚೆನ್ನಾಗಿ ಆಡಿದ್ದಾಳೆ ಎಂದು ನಾನು ಸಂತೋಷಪಟ್ಟೆ. ಅವಳ ಬೊಗಳು ಗೊಗ್ಗರಾದದ್ದನ್ನು ಕೇಳಿಯೂ ಅರ್ಥಮಾಡಿಕೊಳ್ಳಲಿಲ್ಲ. ಮೂರನೆಯ ವಾರ ಆ ಕೇಂದ್ರದ ಗೇಟಿಗೆ ಇಪ್ಪತ್ತು ಹೆಜ್ಜೆ ಇರುವಾಗಲೇ ಅವಳು ರಸ್ತೆಯ ಮೇಲೆ ಕುಳಿತುಬಿಟ್ಟಳು. ಎಷ್ಟು ಕರೆದರೂ ಏಳಲಿಲ್ಲ. ಅಂದೇ ಅವಳನ್ನು ಅಲ್ಲಿಂದ ಬಿಡಿಸಿದೆ.

ಹೆಜ್ಜೆ 6: ಕೇಳಬೇಕಾದ ಪ್ರಶ್ನೆಗಳು, ಕೇಳಿಸಿಕೊಳ್ಳಬೇಕಾದ ಉತ್ತರಗಳು

‘ಇಲ್ಲಿ ನಡೆದ ಕೊನೆಯ ಜಗಳದ ಬಗ್ಗೆ ಹೇಳಿ’ ಎಂಬುದು ನನ್ನ ಮೊದಲ ಪ್ರಶ್ನೆ. ಜಗಳವೇ ಆಗಿಲ್ಲ ಎನ್ನುವವರು ಒಂದೋ ನೋಡುತ್ತಿಲ್ಲ, ಇಲ್ಲವೋ ಹೇಳುತ್ತಿಲ್ಲ. ಯಾವಾಗ ಆಯಿತು, ಏಕೆ ಆಯಿತು, ಹೇಗೆ ಬಿಡಿಸಿದೆವು, ಎರಡೂ ಮನೆಯವರಿಗೆ ಎಷ್ಟು ಹೊತ್ತಿನಲ್ಲಿ ತಿಳಿಸಿದೆವು, ಆಮೇಲೆ ಏನು ಬದಲಿಸಿದೆವು ಎಂದು ವಿವರಿಸುವವರ ಮೇಲೆ ನನಗೆ ವಿಶ್ವಾಸ ಮೂಡುತ್ತದೆ.

ಎರಡನೆಯದು: ‘ಯಾವ ನಾಯಿಯನ್ನು ನೀವು ಬೇಡವೆಂದಿದ್ದೀರಿ?’ ಬಂದ ನಾಯಿಯನ್ನೆಲ್ಲ ಸೇರಿಸಿಕೊಳ್ಳುವ ಕೇಂದ್ರದಲ್ಲಿ ನಿಮ್ಮ ನಾಯಿಯ ಪಕ್ಕದಲ್ಲಿ ಯಾವ ನಾಯಿ ಇರುತ್ತದೆ ಎಂಬುದಕ್ಕೆ ಹೊಣೆಯಾರು? ಒಳ್ಳೆಯ ಕೇಂದ್ರ ಪ್ರತಿ ಹೊಸ ನಾಯಿಯನ್ನೂ ಮೊದಲು ಒಂದೇ ಒಂದು ಶಾಂತ ನಾಯಿಯೊಂದಿಗೆ ಬಿಟ್ಟು ನೋಡುತ್ತದೆ. ಲಸಿಕೆಯ ದಾಖಲೆ ಕೇಳುತ್ತದೆ. ನಿಮ್ಮನ್ನು ಪ್ರಶ್ನೆ ಕೇಳುತ್ತದೆ. ಅವರೇ ನಿಮಗಿಂತ ಹೆಚ್ಚು ಪ್ರಶ್ನೆ ಕೇಳಿದರೆ ಬಹಳ ಒಳ್ಳೆಯದು.

ಉಳಿದವು ಬೇಗ ಮುಗಿಯುತ್ತವೆ. ಕೆಲಸದವರಿಗೆ ಪ್ರಥಮ ಚಿಕಿತ್ಸೆ ಗೊತ್ತೇ? ಹತ್ತಿರದ ಪಶು ಆಸ್ಪತ್ರೆ ಎಷ್ಟು ದೂರ, ವಾಹನ ಸದಾ ಇರುತ್ತದೆಯೇ? ಬೆಂಕಿ ಬಿದ್ದರೆ ನಾಯಿಗಳನ್ನು ಹೊರಗೆ ತರುವ ಯೋಜನೆಯೇನು? ಕೆಮ್ಮುವ, ಭೇದಿಯಾದ ನಾಯಿಯನ್ನು ಎಲ್ಲಿ ಇರಿಸುತ್ತಾರೆ? ನಾಯಿಗಳನ್ನು ಎಂದಾದರೂ ಮನುಷ್ಯರಿಲ್ಲದೆ ಬಿಡುತ್ತಾರೆಯೇ, ಊಟದ ವಿರಾಮದಲ್ಲಿ ಯಾರಿರುತ್ತಾರೆ? ಒಟ್ಟಿಗೆ ಆಡುವಾಗ ಕೊರಳಪಟ್ಟಿ ತೆಗೆಯುತ್ತಾರೆಯೇ? ಇದನ್ನು ಕೇಳಲು ಕಾರಣವಿದೆ: ಒಂದರ ಕೆಳದವಡೆ ಇನ್ನೊಂದರ ಪಟ್ಟಿಗೆ ಸಿಕ್ಕಿಕೊಂಡರೆ ಎರಡೂ ಗಾಬರಿಯಿಂದ ಸುತ್ತತೊಡಗುತ್ತವೆ, ಉಸಿರು ಕಟ್ಟುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಎಳೆದರೆ ತಾನೇ ಕಳಚಿಕೊಳ್ಳುವ ಪಟ್ಟಿಯಾದರೆ ಅಡ್ಡಿಯಿಲ್ಲ. ಪರವಾನಗಿ, ವಿಮೆಗಳ ನಿಯಮ ನೀವಿರುವಲ್ಲಿ ಏನಿದೆಯೋ ತಿಳಿದುಕೊಂಡು, ಕಾಗದವನ್ನು ಕಣ್ಣಾರೆ ನೋಡಿ.

ಹೆಜ್ಜೆ 7: ಮನೆಗೆ ಬರುವವರನ್ನು, ನಡೆಸಿಕೊಂಡು ಹೋಗುವವರನ್ನು ಆರಿಸುವುದು

ಇಲ್ಲಿ ನೀವು ಒಪ್ಪಿಸುತ್ತಿರುವುದು ನಾಯಿಯನ್ನು ಮಾತ್ರವಲ್ಲ, ಮನೆಯ ಕೀಲಿಯನ್ನೂ. ಈಗಾಗಲೇ ಅವರ ಸೇವೆ ಪಡೆಯುತ್ತಿರುವ ಇಬ್ಬರೊಡನೆಯಾದರೂ ಮಾತನಾಡಿ. ‘ಚೆನ್ನಾಗಿ ನೋಡಿಕೊಳ್ಳುತ್ತಾರೆಯೇ’ ಎಂದು ಕೇಳಬೇಡಿ, ಎಲ್ಲರೂ ಹೌದೆನ್ನುತ್ತಾರೆ. ‘ಅವರು ಬರಲಾಗದ ದಿನ ಏನು ಮಾಡಿದರು’ ಎಂದು ಕೇಳಿ.

ಮೊದಲ ನಡಿಗೆಗೆ ನೀವೂ ಜೊತೆಗೆ ಹೋಗಿ. ಹಗ್ಗ ಹಿಡಿದ ಕೈಯನ್ನು ಗಮನಿಸಿ: ಸಡಿಲವಾಗಿ ಇಳಿಬಿದ್ದ ಹಗ್ಗ ಒಳ್ಳೆಯದು, ಸದಾ ಬಿಗಿದ ಹಗ್ಗ ಅಲ್ಲ. ನಾಯಿ ಒಂದು ಕಂಬದ ಬಳಿ ನಿಂತು ಮೂಸತೊಡಗಿದಾಗ ಅವರು ಎಳೆಯುತ್ತಾರೆಯೇ, ಕಾಯುತ್ತಾರೆಯೇ? ಮೂಸುವುದು ನಾಯಿಗೆ ಓದು ಇದ್ದಂತೆ. ಅರ್ಧ ಗಂಟೆ ನಿಧಾನವಾಗಿ ಮೂಸುತ್ತ ನಡೆದ ನಾಯಿ ಒಂದು ಗಂಟೆ ಎಳೆದಾಡಿಸಿಕೊಂಡ ನಾಯಿಗಿಂತ ಶಾಂತವಾಗಿ ಮಲಗುತ್ತದೆ. ಒಬ್ಬರೇ ಏಳೆಂಟು ನಾಯಿಗಳನ್ನು ಒಟ್ಟಿಗೆ ನಡೆಸಿಕೊಂಡು ಹೋಗುವುದಕ್ಕೆ ಒಪ್ಪಬೇಡಿ. ನಿಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಹಗ್ಗ ಬಿಚ್ಚಬಾರದು ಎಂದು ಮೊದಲೇ ಹೇಳಿಬಿಡಿ. ಅಂಗಡಿಯ ಮುಂದೆ ಕಟ್ಟಿಹಾಕಿ ಒಳಗೆ ಹೋಗಬಾರದು, ನಿಲ್ಲಿಸಿದ ಕಾರಿನಲ್ಲಿ ಒಂದು ಗಳಿಗೆಯೂ ಬಿಡಬಾರದು. ಬಿಸಿಲಿನಲ್ಲಿ ಮುಚ್ಚಿದ ಕಾರು ಹತ್ತೇ ನಿಮಿಷದಲ್ಲಿ ಹತ್ತು ಡಿಗ್ರಿಯಷ್ಟು ಬಿಸಿಯೇರಬಲ್ಲದು.

ನಾಯಿ ಅವರನ್ನು ಹೇಗೆ ಬರಮಾಡಿಕೊಳ್ಳುತ್ತದೆ ಎಂಬುದನ್ನೂ ನೋಡಿ. ಆದರೆ ಮೊದಲ ದಿನದ ಹಿಂಜರಿಕೆಗೆ ಹೆಚ್ಚು ಬೆಲೆ ಕೊಡಬೇಡಿ. ಆ ಹಿಂಜರಿಕೆಗೆ ಅವರು ಹೇಗೆ ಸ್ಪಂದಿಸಿದರು ಎಂಬುದು ಹೆಚ್ಚು ಹೇಳುತ್ತದೆ. ಮೇಲೆ ಬಾಗಿ ತಲೆ ಸವರಲು ಹೋದರೇ, ಅಥವಾ ಪಕ್ಕಕ್ಕೆ ತಿರುಗಿ ಕುಳಿತು, ನಾಯಿಯೇ ಬರಲಿ ಎಂದು ಕಾದರೇ? ಎರಡನೆಯವರಿಗೆ ನಾನು ಕೀಲಿ ಕೊಡುತ್ತೇನೆ.

ಹೆಜ್ಜೆ 8: ಒಂದು ಹಾಳೆಯಲ್ಲಿ ಬರೆದುಕೊಡಿ

ಬಾಯಿಮಾತಿನಲ್ಲಿ ಹೇಳಿದ್ದು ಗಾಬರಿಯ ಹೊತ್ತಿನಲ್ಲಿ ನೆನಪಾಗುವುದಿಲ್ಲ. ನಿಮ್ಮ ಎರಡು ದೂರವಾಣಿ ಸಂಖ್ಯೆಗಳು, ನೀವು ಸಿಗದಿದ್ದರೆ ನಿರ್ಧಾರ ತೆಗೆದುಕೊಳ್ಳಬಲ್ಲ ಇನ್ನೊಬ್ಬರ ಸಂಖ್ಯೆ, ಪಶುವೈದ್ಯರ ವಿಳಾಸ, ಗುರುತಿಗಾಗಿ ಚರ್ಮದಡಿ ಇಡುವ ಮೈಕ್ರೋಚಿಪ್ ಇದ್ದರೆ ಅದರ ಸಂಖ್ಯೆ, ನಾಯಿಯ ಇತ್ತೀಚಿನ ಭಾವಚಿತ್ರ ಇರಲಿ. ಔಷಧಿಯ ಹೆಸರು, ಪ್ರಮಾಣ, ಹೊತ್ತು ಬರೆಯಿರಿ. ತುರ್ತು ಸಂದರ್ಭದಲ್ಲಿ ಚಿಕಿತ್ಸೆ ಕೊಡಿಸಲು ನಿಮ್ಮ ಒಪ್ಪಿಗೆಯಿದೆ, ವೆಚ್ಚವನ್ನು ನೀವು ಭರಿಸುತ್ತೀರಿ ಎಂದು ಸಹಿ ಹಾಕಿ ಕೊಡಿ. ಇದೊಂದು ಸಾಲಿಲ್ಲದೆ ಆಸ್ಪತ್ರೆಯ ಬಾಗಿಲಲ್ಲಿ ಅಮೂಲ್ಯ ಹೊತ್ತು ಕಳೆದುಹೋಗುತ್ತದೆ.

ನಾಯಿಯ ಭಯಗಳನ್ನು ಮುಚ್ಚಿಡಬೇಡಿ. ಗುಡುಗಿಗೆ ಹೆದರುತ್ತದೆ, ತಿನ್ನುವಾಗ ಹತ್ತಿರ ಬಂದರೆ ಗುರುಗುಟ್ಟುತ್ತದೆ, ಕಿವಿ ಮುಟ್ಟಿದರೆ ಸಹಿಸುವುದಿಲ್ಲ, ಒಮ್ಮೆ ಕಚ್ಚಿತ್ತು. ಇವನ್ನು ಹೇಳಿದರೆ ಸೇರಿಸಿಕೊಳ್ಳುವುದಿಲ್ಲವೇನೋ ಎಂಬ ಅಳುಕು ಸಹಜ. ಆದರೆ ಹೇಳದೆ ಹೋದರೆ ಮುಂದಿನ ಬಾರಿ ಕಚ್ಚಿಸಿಕೊಳ್ಳುವವರು ಏನೂ ತಿಳಿಯದ ಒಬ್ಬರು, ಅದರ ಫಲ ಉಣ್ಣುವುದು ನಿಮ್ಮ ನಾಯಿ. ಏನು ತಿನ್ನಿಸಬಾರದು ಎಂಬ ಪಟ್ಟಿಯೂ ಅದೇ ಹಾಳೆಯಲ್ಲಿರಲಿ: ಚಾಕೊಲೇಟ್, ದ್ರಾಕ್ಷಿ ಮತ್ತು ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಸಕ್ಕರೆರಹಿತ ಚೂಯಿಂಗ್ ಗಮ್‌ಗಳಲ್ಲಿ ಬಳಸುವ ಕ್ಸೈಲಿಟಾಲ್. ಎದೆ ಆಳವಾಗಿರುವ ದೊಡ್ಡ ತಳಿಯ ನಾಯಿಗೆ ಹೊಟ್ಟೆ ಉಬ್ಬರಿಸಿ ಜಠರವೇ ತಿರುಚಿಕೊಳ್ಳುವ ಅಪಾಯ ಹೆಚ್ಚು. ಊಟದ ಹಿಂದುಮುಂದಿನ ಒಂದು ಗಂಟೆ ಓಡಿಸಬಾರದು ಎಂದು ಬರೆಯಿರಿ. ಹೊಟ್ಟೆ ಬಿಗಿದು, ಏನೂ ಹೊರಬರದೆ ಮತ್ತೆ ಮತ್ತೆ ಓಕರಿಸಿದರೆ ಕಾಯದೆ ಆಸ್ಪತ್ರೆಗೆ ಎಂದೂ ಬರೆಯಿರಿ.

ಹೆಜ್ಜೆ 9: ನಿಧಾನವಾಗಿ ಆರಂಭಿಸಿ

ಸೋಮವಾರ ಹೊಸ ಕೆಲಸಕ್ಕೆ ಸೇರಬೇಕಾದರೆ ಹಿಂದಿನ ದಿನ ಪಾಲನೆ ಹುಡುಕಬೇಡಿ. ಎರಡು-ಮೂರು ವಾರ ಕೈಯಲ್ಲಿರಲಿ. ಮೊದಲ ದಿನ ನೀವು ಅಲ್ಲೇ ಇದ್ದು ಅರ್ಧ ಗಂಟೆ. ಎರಡನೆಯ ಬಾರಿ ನೀವಿಲ್ಲದೆ ಒಂದು ಗಂಟೆ. ಆಮೇಲೆ ಅರ್ಧ ದಿನ. ಅದು ಸಲೀಸಾದ ಮೇಲಷ್ಟೇ ಪೂರ್ತಿ ದಿನ. ಮನೆಯ ವಾಸನೆಯಿರುವ ಒಂದು ಹಳೆಯ ಹೊದಿಕೆ ಜೊತೆಗಿರಲಿ, ಬಿಡುವಾಗ ಉದ್ದನೆಯ ವಿದಾಯ ಬೇಡ. ಹಗ್ಗವನ್ನು ಅವರ ಕೈಗೆ ಕೊಟ್ಟು, ನಾಯಿಯ ಹೆಸರು ಕರೆದು ಒಂದು ಮಾತು ಹೇಳಿ ಹೊರಡಿ.

ಆರಂಭದಲ್ಲಿ ವಾರಕ್ಕೆ ಎರಡು ದಿನ, ಒಂದರ ನಂತರ ಒಂದು ಬರದಂತೆ. ಸಾಮಾನ್ಯವಾಗಿ ಗುಂಪಿನ ಪಾಲನೆ ವಾರಕ್ಕೆ ಎರಡು-ಮೂರು ದಿನಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ಉಳಿದ ದಿನ ಮಧ್ಯಾಹ್ನದ ನಡಿಗೆಯೋ ಮನೆಗೆ ಬರುವವರೋ ಇದ್ದರೆ ನಾಯಿಗೆ ಸುಧಾರಿಸಿಕೊಳ್ಳಲು ಬಿಡುವು ಸಿಗುತ್ತದೆ.

ಹೆಜ್ಜೆ 10: ಸಂಜೆಯ ನಾಯಿಯನ್ನು ಓದಿ

ಮನೆಗೆ ಬಂದ ನಾಯಿ ನೀರು ಕುಡಿದು, ಊಟ ಮಾಡಿ, ಮೈ ಚಾಚಿ ಮಲಗಿ, ಮರುದಿನ ಬೆಳಗ್ಗೆ ಎಂದಿನ ಲವಲವಿಕೆಯಲ್ಲಿ ಎದ್ದರೆ ಎಲ್ಲ ಸರಿಯಿದೆ. ದಣಿದಿದ್ದರೂ ಮಲಗಲಾಗದೆ ಸುತ್ತುವುದು, ನೀರನ್ನು ಅತಿಯಾಗಿ ಕುಡಿಯುವುದು, ಧ್ವನಿ ಒಡೆದಿರುವುದು, ಮರುದಿನವೂ ಮೈ ಬಿಗಿದಿರುವುದು, ಕೇಂದ್ರಕ್ಕೆ ಹೋದ ದಿನಗಳಲ್ಲೇ ಭೇದಿಯಾಗುವುದು ಒತ್ತಡದ ಗುರುತುಗಳು. ಮೊದಲು ಇಲ್ಲದ ಒಂದು ವರ್ತನೆ ಬೀದಿಯಲ್ಲಿ ಕಾಣಿಸಿಕೊಂಡರೂ ಎಚ್ಚರವಹಿಸಿ: ಬೇರೆ ನಾಯಿಗಳನ್ನು ಕಂಡಾಗ ಬೊಗಳಿ ನುಗ್ಗುವುದು ಅಥವಾ ನಿಮ್ಮ ಕಾಲ ಹಿಂದೆ ಅಡಗುವುದು. ವಾರಕ್ಕೊಮ್ಮೆ ಮೈಮೇಲೆಲ್ಲ ಕೈಯಾಡಿಸಿ ನೋಡಿ. ದಟ್ಟ ಕೂದಲಿನಡಿ ಹಲ್ಲು ನಾಟಿದ ಸಣ್ಣ ಗಾಯ ಕಣ್ಣಿಗೆ ಬೀಳುವುದಿಲ್ಲ, ಬೆರಳಿಗೆ ಸಿಗುತ್ತದೆ.

ಗೇಟಿನ ಬಳಿ ನಾಯಿ ಹೇಗೆ ನಡೆಯುತ್ತದೆ ಎಂಬುದು ಕೇಂದ್ರದವರು ಕಳುಹಿಸುವ ನೂರು ಭಾವಚಿತ್ರಗಳಿಗಿಂತ ನಂಬಲರ್ಹ. ಭಾವಚಿತ್ರ ಕಳುಹಿಸಿದರೂ ನಾಯಿಯ ಬಾಯಿ, ಕಿವಿ, ಬಾಲ ನೋಡಿ, ಹಿನ್ನೆಲೆಯ ಬಣ್ಣದ ಆಟಿಕೆಗಳನ್ನಲ್ಲ.

ಮನೆ ಬದಲಾದಾಗ, ಹೊಸ ನಾಯಿಯೋ ಮಗುವೋ ಮನೆಗೆ ಬಂದಾಗ, ಕೇಂದ್ರದಲ್ಲಿ ಪರಿಚಿತ ಕೆಲಸದವರು ಬಿಟ್ಟುಹೋದಾಗ, ನಾಯಿಗೆ ಎಂಟು-ಹತ್ತು ವರ್ಷ ತುಂಬಿದಾಗ ಮತ್ತೆ ಮೊದಲ ಹೆಜ್ಜೆಯಿಂದ ನೋಡಿ. ನಾಲ್ಕನೆಯ ವರ್ಷಕ್ಕೆ ಒಗ್ಗಿದ್ದು ಒಂಬತ್ತನೆಯ ವರ್ಷಕ್ಕೆ ಒಗ್ಗದಿರಬಹುದು.

ಚುಕ್ಕಿ ಈಗ ವಾರಕ್ಕೆ ಎರಡು ದಿನ ತನಗೆ ಪರಿಚಯವಿರುವ ಇನ್ನೆರಡು ನಾಯಿಗಳ ಜೊತೆ ಒಬ್ಬರ ಮನೆಯಲ್ಲಿರುತ್ತಾಳೆ. ಮಿಕ್ಕ ದಿನ ಮಧ್ಯಾಹ್ನ ಒಬ್ಬರು ಬಂದು ನಡೆಸಿಕೊಂಡು ಬರುತ್ತಾರೆ. ಒಂಟಿಯಾಗಿರುವ ಅಭ್ಯಾಸಕ್ಕೆ ಐದು ತಿಂಗಳು ಹಿಡಿಯಿತು. ಹಳೆಯ ಮೊಬೈಲನ್ನು ನಾನು ಈಗಲೂ ತಿಂಗಳಿಗೊಮ್ಮೆ ಕಪಾಟಿನ ಮೇಲಿಡುತ್ತೇನೆ. ಕಳೆದ ಬಾರಿ ಬೀಗದ ಸದ್ದು ನಿಂತ ಮೇಲೆ ಅವಳು ಎದ್ದು ಬಾಗಿಲವರೆಗೆ ಹೋಗಿ, ಒಮ್ಮೆ ಮೂಸಿ, ಹಿಂತಿರುಗಿ ಬಂದು, ಹಾಸಿಗೆಯಲ್ಲಿ ಎರಡು ಸುತ್ತು ಸುತ್ತಿ ಮಲಗಿದಳು.